ಬಿಸಿಲು ನಾಡಿನ ಕಾರಿಗೆ ತಂಪು ಗಾಳಿ: ಡ್ರ್ಯಾಗ್ ರೇಸಿಗೆ ಇಳಿಯುವ ಹೊಸಬರಿಗೆ ಹಂತ ಹಂತವಾಗಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರು ಟರ್ಬೊ ಕಾರು ತಗೊಂಡ ಮೇಲೆ ಗ್ಯಾರೇಜಿನಲ್ಲಿ ಮೊದಲು ಕೇಳುವ ಪ್ರಶ್ನೆ, ‘ಪಿಕಪ್ ಹೆಂಗ ಹೆಚ್ಚು ಮಾಡೋದು?’ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ರಿಮ್ಯಾಪ್ ಮಾಡಿಸು ತಮ್ಮಾ, ಓಪನ್ ಫಿಲ್ಟರ್ ಹಾಕಿಸು.’ ಅವೆರಡಕ್ಕೂ ಸಾವಿರಾರು ರೂಪಾಯಿ ಬೇಕು. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಬೇಕಾಗುವುದು ಒಂದಿಷ್ಟು ಸ್ಪಂಜು, ಒಂದು ಕ್ಯಾನ್ ಶುದ್ಧ ನೀರು, ಸ್ವಲ್ಪ ತಾಳ್ಮೆ. ಎಂಜಿನ್ ಉಸಿರಾಡುವ ಗಾಳಿಯನ್ನು ತಂಪಾಗಿಸುವುದೇ ಆ ಕೆಲಸ.

ಕಾರಣ ಸರಳ. ಗಾಳಿ ಬಿಸಿಯಾದಷ್ಟೂ ತೆಳ್ಳಗಾಗುತ್ತದೆ. ತೆಳ್ಳಗಾದ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದರೆ ಉರಿಸಬಹುದಾದ ಇಂಧನವೂ ಕಡಿಮೆ. ನಮ್ಮ ನಾಲ್ಕೂ ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 500–600 ಮೀಟರ್ ಎತ್ತರದಲ್ಲಿವೆ. ಆ ಎತ್ತರಕ್ಕೇ ಗಾಳಿಯ ಒತ್ತಡ ಶೇ 6ರಷ್ಟು ಇಳಿದಿರುತ್ತದೆ. ಅದರ ಮೇಲೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲು. 25 ಡಿಗ್ರಿಯಲ್ಲಿದ್ದ ಗಾಳಿ 40ಕ್ಕೆ ಏರಿದರೆ ಇನ್ನೂ ಶೇ 5ರಷ್ಟು ತೆಳ್ಳಗಾಗುತ್ತದೆ. ಎತ್ತರವನ್ನೂ ಬಿಸಿಲನ್ನೂ ನಾವು ಬದಲಿಸಲಾಗದು. ಆದರೆ ಬಾನೆಟ್ ಒಳಗಿನ ಬಿಸಿ ನಮ್ಮ ಕೈಯಲ್ಲಿದೆ. ಹೊರಗೆ 42 ಡಿಗ್ರಿ ಇದ್ದಾಗ ಬಾನೆಟ್ ಒಳಗಿನ 65 ಡಿಗ್ರಿ ಗಾಳಿಯನ್ನು ಎಂಜಿನ್ ಎಳೆದುಕೊಳ್ಳುತ್ತಿದ್ದರೆ ಅಲ್ಲೇ ಶೇ 7ರಷ್ಟು ಗಾಳಿ ನಷ್ಟ. ಈ ಬರಹವೆಲ್ಲ ಆ ನಷ್ಟವನ್ನು ವಾಪಸು ಪಡೆಯುವ ಬಗೆಗೆ.

ಟರ್ಬೊ ಇದ್ದರೆ ಲೆಕ್ಕ ಇನ್ನೂ ಕಟುವಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ತುದಿ ಕೈ ಸುಟ್ಟದ್ದು ಗೊತ್ತು. ಒತ್ತಡವನ್ನು ಎರಡು ಪಟ್ಟು ಮಾಡುವ ಸಾಮಾನ್ಯ ಟರ್ಬೊ 40 ಡಿಗ್ರಿಯ ಗಾಳಿಯನ್ನು ಸುಮಾರು 140 ಡಿಗ್ರಿಗೆ ಮುಟ್ಟಿಸುತ್ತದೆ. ಅದೇ ಟರ್ಬೊಗೆ 65 ಡಿಗ್ರಿಯ ಗಾಳಿ ಕೊಟ್ಟರೆ 170ರ ಹತ್ತಿರ ಹೋಗುತ್ತದೆ. ಅದನ್ನು ಇಳಿಸಲೆಂದೇ ಕಂಪನಿ ಇಂಟರ್‌ಕೂಲರ್ ಕೊಟ್ಟಿರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೊಂದು ಪೆಟ್ಟು ಇದೆ: ಗಾಳಿ ಬಿಸಿಯಾದರೆ ಇಂಧನ ಹೊತ್ತಿಗೆ ಮುಂಚೆಯೇ ಸಿಡಿದು ಎಂಜಿನ್ ಕುಟ್ಟತೊಡಗುತ್ತದೆ. ಅದನ್ನು ತಪ್ಪಿಸಲು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತಾನಾಗಿಯೇ ಕಿಡಿಯನ್ನು ತಡ ಮಾಡಿ ಪವರ್ ಇಳಿಸುತ್ತದೆ. ಆದ್ದರಿಂದ ಟರ್ಬೊ ಪೆಟ್ರೋಲ್ ಕಾರಿನವರಿಗೆ ಈ ಕೆಲಸದಿಂದ ಹೆಚ್ಚು ಲಾಭ. ಡೀಸೆಲ್ ಕಾರಿನಲ್ಲಿ ಎಷ್ಟು ಇಂಧನ ಕೊಡಬೇಕೆಂದು ಇಸಿಯು ಮೊದಲೇ ಮಿತಿ ಹಾಕಿರುವುದರಿಂದ ಲಾಭ ಕಡಿಮೆ. ಹೊಗೆ ಇಳಿಯುತ್ತದೆ, ಎಂಜಿನ್ ಹಗುರಾಗಿ ಎಳೆಯುತ್ತದೆ, ಅಷ್ಟೇ ಎಂದು ತಿಳಿದುಕೊಂಡು ಕೈ ಹಾಕಿ.

ಹಂತ 1: ಓಡಿಸುವ ಜಾಗ ಗೊತ್ತು ಮಾಡಿಕೊಳ್ಳಿ

ಸಿಂದಗಿ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50, ಝಳಕಿ–ಹೊರ್ತಿ ಕಡೆಯ ಹೆದ್ದಾರಿ 52, ಎರಡೂ ನೇರ, ಎರಡೂ ನುಣುಪು. ಆದರೆ ಅವು ರೇಸಿನ ಜಾಗವಲ್ಲ. ಕಬ್ಬಿನ ಜೋಡಿ ಟ್ರಾಲಿ ಹಿಂದಿನ ದೀಪವಿಲ್ಲದೆ ಬರುತ್ತಿರುತ್ತದೆ, ಕುರಿ ಹಿಂಡು ದಾಟುತ್ತಿರುತ್ತದೆ, ಹೊಲದಿಂದ ಯಾರದೋ ತಾಯಿ ತಲೆ ಮೇಲೆ ಮೇವು ಹೊತ್ತು ರಸ್ತೆಗೆ ಬರುತ್ತಿರುತ್ತಾಳೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ರಸ್ತೆಯಲ್ಲಿ ರೇಸ್ ಮಾಡುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಬೀಳಬಹುದು. ಹೆದ್ದಾರಿಯಲ್ಲಿ ಪಂದ್ಯ ಕಟ್ಟುವ ಯೋಚನೆ ಇದ್ದವರು ಈ ಬರಹವನ್ನು ಇಲ್ಲಿಗೇ ಬಿಟ್ಟುಬಿಡಿ.

ಡ್ರ್ಯಾಗ್ ರೇಸ್ ಎಂದರೆ ನಿಂತ ಜಾಗದಿಂದ ಹೊರಟು ನೇರ ದಾರಿಯಲ್ಲಿ, ರೂಢಿಯಂತೆ 402 ಮೀಟರ್, ಅಂದರೆ ಕಾಲು ಮೈಲು, ಓಡಿಸುವುದು. ಭಾರತದಲ್ಲಿ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ ಸಂಸ್ಥೆ. ಅದರ ಅನುಮತಿ ಪಡೆದ, ಆಂಬುಲೆನ್ಸ್, ತಡೆಗೋಡೆ, ಟೈಮಿಂಗ್ ದೀಪ ಇರುವ ಕಡೆ ಮಾತ್ರ ಹೆಸರು ಕೊಡಿ. ನಮ್ಮ ಕಡೆಯವರು ಹೋಗಿಬರಬಹುದಾದ ಪ್ರಸಿದ್ಧ ಜಾಗವೆಂದರೆ ಮಹಾರಾಷ್ಟ್ರದ ಲೋನಾವಳಾ ಹತ್ತಿರದ ಆಂಬಿ ವ್ಯಾಲಿ. ಅಲ್ಲಿಯ ವಿಮಾನದ ಓಟಪಟ್ಟಿಯ ಮೇಲೆ ನಡೆದ ‘ವ್ಯಾಲಿ ರನ್’ ದೇಶಕ್ಕೆಲ್ಲ ಗೊತ್ತು. ನಮ್ಮ ಮನೆ, ಹೊಲ, ಗ್ಯಾರೇಜು ತಯಾರಿಯ ಜಾಗಗಳು; ಓಟ ಅಲ್ಲಿ.

ಹಂತ 2: ಅಳೆಯದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ

ಬ್ಲೂಟೂತಿನ ಒಬಿಡಿ ಅಡಾಪ್ಟರ್ ಒಂದನ್ನು ತರಿಸಿಕೊಳ್ಳಿ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಹಾಕಿ, ಮೊಬೈಲ್ ಆ್ಯಪ್‌ನಲ್ಲಿ ‘ಇನ್‌ಟೇಕ್ ಏರ್ ಟೆಂಪರೇಚರ್’ ಅಂದರೆ ಐಎಟಿ ತೆರೆಯಿರಿ. ಜೊತೆಗೆ ಹೊರಗಿನ ಗಾಳಿಯ ಬಿಸಿ, ಕೂಲಂಟಿನ ಬಿಸಿಯನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ.

ಮೂರು ಸಂದರ್ಭದಲ್ಲಿ ಬರೆದುಕೊಳ್ಳಿ: 60 ಕಿ.ಮೀ. ವೇಗದಲ್ಲಿ ಹತ್ತು ನಿಮಿಷ ಸಾಗಿದ ಮೇಲೆ, ನಿಂತಲ್ಲೇ ಐದು ನಿಮಿಷ ಎಂಜಿನ್ ಚಾಲೂ ಇಟ್ಟ ಮೇಲೆ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದ ತಕ್ಷಣ. ಮೂರನೆಯ ಅಂಕಿಯೇ ರೇಸಿನ ದಿನ ನಿಮ್ಮನ್ನು ಕಾಡುವುದು. ಎಂಜಿನ್ ನಿಂತರೂ ಅದರ ಬಿಸಿ ನಿಲ್ಲುವುದಿಲ್ಲ. ಗಾಳಿಯಾಡದ ಬಾನೆಟ್ ಒಳಗೆ ಏರ್ ಫಿಲ್ಟರಿನ ಡಬ್ಬಿ, ಪೈಪು, ಇಂಟರ್‌ಕೂಲರ್ ಎಲ್ಲವೂ ಆ ಬಿಸಿಯನ್ನು ಕುಡಿದು ಕೂತಿರುತ್ತವೆ.

ಒಂದು ಎಚ್ಚರ: ಸೆನ್ಸರ್ ಎಲ್ಲಿದೆ ಎಂದು ಮೊದಲು ಮಿಸ್ತ್ರಿಯಿಂದ ತೋರಿಸಿಕೊಳ್ಳಿ. ಕೆಲವು ಕಾರುಗಳಲ್ಲಿ ಅದು ಟರ್ಬೊಗಿಂತ ಮುಂಚೆ ಇದೆ, ಕೆಲವುಗಳಲ್ಲಿ ಇಂಟರ್‌ಕೂಲರ್ ದಾಟಿದ ಮೇಲೆ. ಮುಂಚಿನದು ಬಾನೆಟ್‌ನ ಕಥೆ ಹೇಳುತ್ತದೆ, ನಂತರದ್ದು ಇಂಟರ್‌ಕೂಲರಿನ ಕಥೆ. ಎರಡನ್ನೂ ಒಂದೇ ಎಂದು ಓದಿದರೆ ಮುಂದಿನ ಕೆಲಸವೆಲ್ಲ ದಾರಿ ತಪ್ಪುತ್ತದೆ.

ಹಂತ 3: ಗಾಳಿ ಎಲ್ಲಿಂದ ಬರುತ್ತಿದೆ ನೋಡಿ

ಬಾನೆಟ್ ತೆಗೆದು, ಏರ್ ಫಿಲ್ಟರಿನ ಡಬ್ಬಿಯಿಂದ ಮುಂದಕ್ಕೆ ಹೋಗುವ ಪ್ಲಾಸ್ಟಿಕ್ ಮೂತಿಯನ್ನು ಕೈಯಿಂದ ಹಿಡಿದು ಕೊನೆಯವರೆಗೆ ಹೋಗಿ. ಬಹುತೇಕ ಕಂಪನಿ ಕಾರುಗಳಲ್ಲಿ ಅದು ಗ್ರಿಲ್ ಹಿಂದೆ, ಹೊರಗಿನ ಗಾಳಿ ಸಿಗುವಲ್ಲಿ ಬಾಯಿ ತೆರೆದಿರುತ್ತದೆ. ಕಂಪನಿಯವರು ಯೋಚನೆ ಮಾಡಿಯೇ ಇಟ್ಟಿರುತ್ತಾರೆ. ಹಳೆ ಕಾರುಗಳಲ್ಲಿ ತೊಂದರೆ ಆಗುವುದು ಬೇರೆ ಕಡೆ: ಮೂತಿಯ ಕ್ಲಿಪ್ಪು ಮುರಿದು ಒಳಕ್ಕೆ ಜಾರಿರುತ್ತದೆ, ಡಬ್ಬಿಯ ಮುಚ್ಚಳ ಒಂದು ಮೂಲೆಯಲ್ಲಿ ಎದ್ದಿರುತ್ತದೆ, ಹಿಂದಿನ ಸರ್ವಿಸಿನಲ್ಲಿ ಯಾರೋ ಒಂದು ಸ್ಕ್ರೂ ಹಾಕದೇ ಬಿಟ್ಟಿರುತ್ತಾರೆ.

ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಖಾಲಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿ. ಬೆಳಕು ಎಲ್ಲೆಲ್ಲಿ ಇಣುಕುತ್ತದೋ ಅಲ್ಲೆಲ್ಲ ಬಿಸಿ ಗಾಳಿ ನುಗ್ಗುತ್ತದೆ, ಧೂಳೂ ನುಗ್ಗುತ್ತದೆ. ರಬ್ಬರ್ ಬೀಡಿಂಗ್ ಬದಲಿಸಿ, ಕ್ಲಿಪ್ಪು ಹಾಕಿಸಿ. ಗ್ರಿಲ್‌ಗೂ ರೇಡಿಯೇಟರಿಗೂ ನಡುವಿನ ಅಂಚಿನ ಸಂದುಗಳಿಗೆ ಬಿಗಿಯಾದ ಸ್ಪಂಜಿನ ಪಟ್ಟಿ ತುಂಬಿ. ಹಾಗೆ ಮಾಡಿದರೆ ಮುಂದಿನಿಂದ ಬಂದ ಗಾಳಿ ಬದಿಗೆ ಜಾರದೆ ಇಂಟರ್‌ಕೂಲರ್, ರೇಡಿಯೇಟರ್ ಮೂಲಕವೇ ಹೋಗುತ್ತದೆ. ಕಾರಿನ ಹುಟ್ಟಿನೊಂದಿಗೆ ಬಂದ ಪ್ಲಾಸ್ಟಿಕ್ ತಡೆಗಳು ಆಕ್ಸಿಡೆಂಟ್ ರಿಪೇರಿಯಲ್ಲಿ ಮಾಯವಾಗಿದ್ದರೆ ವಾಪಸು ಹಾಕಿಸಿ.

ಇನ್ನು ಓಪನ್ ಫಿಲ್ಟರ್. ಬಾನೆಟ್ ಒಳಗೆ, ಎಂಜಿನ್ನಿನ ಪಕ್ಕದಲ್ಲೇ ಬರಿ ಕೋನಿನ ಫಿಲ್ಟರ್ ಕೂಡಿಸುವುದನ್ನು ನಾನು ಯಾವ ಹೊಸಬರಿಗೂ ಹೇಳುವುದಿಲ್ಲ. ಶಬ್ದ ಹೆಚ್ಚಾಗುತ್ತದೆ, ಪವರ್ ಹೆಚ್ಚಾದಂತೆ ಕಿವಿಗೆ ಅನಿಸುತ್ತದೆ. ಒಬಿಡಿ ಹಾಕಿ ನೋಡಿದರೆ ಐಎಟಿ ಏರಿರುತ್ತದೆ. ನಮ್ಮ ಕರಿ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನಯ. ಸಡಿಲ ಫಿಲ್ಟರಿನೊಳಗಿಂದ ನುಸುಳಿ ಟರ್ಬೊ ಎಲೆಗಳನ್ನೂ ಸಿಲಿಂಡರ್ ಗೋಡೆಯನ್ನೂ ಸವೆಸುತ್ತದೆ. ಕಂಪನಿಯ ಕಾಗದದ ಫಿಲ್ಟರ್ ಹೊಸದು ಹಾಕಿ. ಹಳೆಯದಕ್ಕೆ ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಸಿ ಮತ್ತೆ ಹಾಕುವ ರೂಢಿ ಬಿಡಿ, ಕಾಗದ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಿಯುತ್ತದೆ.

ಹಂತ 4: ಹೊಟ್ಟು ತೆಗೆಯಿರಿ

ಸುಗ್ಗಿಯಲ್ಲಿ ರಸ್ತೆ ಮೇಲೆ ರಾಶಿಗೆ ಹರವಿದ ತೊಗರಿ, ಜೋಳದ ಮೇಲೆ ಓಡಾಡಿದ ಯಾವ ಕಾರಾದರೂ ಗ್ರಿಲ್ ಹಿಂದೆ ಹೊಟ್ಟು ತುಂಬಿಕೊಂಡಿರುತ್ತದೆ. ಮುಂದಿನಿಂದ ಏಸಿ ಕಂಡೆನ್ಸರ್ ಚೊಕ್ಕ ಕಂಡರೂ ಅದರ ಹಿಂದಿನ ಸಂದಿಯಲ್ಲಿ ಹೊಟ್ಟು, ಹುಳ, ಕೆಸರು ಸೇರಿ ಗಟ್ಟಿಯಾದ ಪದರ ಇರುತ್ತದೆ. ಬಂಪರ್ ಬಿಚ್ಚಿಸಿ, ಹಿಂದಿನಿಂದ ಮುಂದಕ್ಕೆ ಸಣ್ಣ ಒತ್ತಡದಲ್ಲಿ ನೀರು ಹಾಯಿಸಿ. ವಾಷಿಂಗ್ ಸೆಂಟರಿನ ಜೋರು ಗನ್ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಬೀಳುತ್ತವೆ, ಮಡಚಿದ ಮೇಲೆ ಗಾಳಿ ಹೋಗುವುದಿಲ್ಲ. ಮೆತ್ತನೆಯ ಬ್ರಷ್ ಸಾಕು.

ಇದೇ ಹೊತ್ತಿಗೆ ಇಂಟರ್‌ಕೂಲರಿನ ಪೈಪುಗಳ ಕ್ಲಾಂಪ್ ಬಿಗಿ ಮಾಡಿಸಿ. ಜೋಡಣೆಯ ಸುತ್ತ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ತಂಪು ಮಾಡಿದ ಗಾಳಿ ಹೊರಗೇ ಹೋದರೆ ಏನು ಲಾಭ?

ಹಂತ 5: ನೀರು

ನನ್ನ ಮಟ್ಟಿಗೆ ನಮ್ಮ ಜಿಲ್ಲೆಯವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಹಂತ ಇದು. ನಮ್ಮ ಬೇಸಿಗೆ ಒಣ ಬೇಸಿಗೆ. 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವ ಶೇ 20 ಇದ್ದಾಗ, ಒದ್ದೆ ಮೇಲ್ಮೈಯೊಂದು ಆರುತ್ತಾ ಆರುತ್ತಾ ಹೆಚ್ಚುಕಡಿಮೆ 23 ಡಿಗ್ರಿಯವರೆಗೆ ತಣಿಯಬಲ್ಲದು. ಮಂಗಳೂರಿನಂಥ ಕಡಲ ಊರಿನಲ್ಲಿ 33 ಡಿಗ್ರಿಯೇ ಇದ್ದರೂ ತೇವ ಹೆಚ್ಚಿರುವುದರಿಂದ ಅದು 27ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಪಡಸಾಲೆಯಲ್ಲಿಟ್ಟ ಮಣ್ಣಿನ ಹರವಿ ಮೇ ತಿಂಗಳಲ್ಲೇ ನೀರನ್ನು ಹೆಚ್ಚು ತಣ್ಣಗಿಡುವುದು ಇದೇ ಕಾರಣಕ್ಕೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೊಜೂಲ್ ಶಾಖ ಎಳೆದುಕೊಂಡು ಹೋಗುತ್ತದೆ. ಒಂದು ಕೆಜಿ ಬರ್ಫ ಕರಗುವಾಗ ಹೀರುವುದು 334 ಮಾತ್ರ. ಏಳು ಪಟ್ಟು ವ್ಯತ್ಯಾಸ!

ಜಪಾನಿನ ಕಂಪನಿಗಳು ಇದನ್ನು ಕಾರಿನಲ್ಲೇ ಕೂಡಿಸಿ ಮಾರಿವೆ. ಸುಬಾರು ಇಂಪ್ರೆಜಾ ಎಸ್‌ಟಿಐ, ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್ ಕಾರುಗಳಲ್ಲಿ ಗುಂಡಿ ಒತ್ತಿದರೆ ಇಂಟರ್‌ಕೂಲರ್ ಮೇಲೆ ನೀರು ಚಿಮ್ಮುವ ಏರ್ಪಾಟಿತ್ತು. ನಾವು ಅಷ್ಟು ದೂರ ಹೋಗಬೇಕಿಲ್ಲ.

ಬೆಳೆಗೆ ಎಣ್ಣೆ ಹೊಡೆಯುವ ಬ್ಯಾಟರಿ ಪಂಪು ಎಲ್ಲ ಮನೆಯಲ್ಲೂ ಇದೆ. ಅದನ್ನೇ ತರಬೇಡಿ, ಒಳಗೆ ಔಷಧಿಯ ಅಂಶ ಉಳಿದಿರುತ್ತದೆ, ಮೈಕೈಗೂ ಒಳ್ಳೆಯದಲ್ಲ. ಇದಕ್ಕೇ ಎಂದು ಸಣ್ಣ ಹೊಸದೊಂದನ್ನು ತಗೊಳ್ಳಿ, ಎಲ್ಲಕ್ಕಿಂತ ನಯವಾದ ನಾಜಲ್ ಹಾಕಿ. ಬೋರಿನ ಸವುಳು ನೀರು ಬೇಡ: ನೀರು ಆರಿದ ಮೇಲೆ ಉಳಿಯುವ ಬಿಳಿ ಸುಣ್ಣ ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದಂತೆ ಕೂತು ತಂಪನ್ನೇ ತಡೆಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತುಂಬಿಸಿಕೊಳ್ಳಿ.

ಕಾರು ಸಾಲಿಗೆ ಹೋಗುವ ಮುಂಚೆ, ಕಾರುಗಳನ್ನು ಸಜ್ಜುಗೊಳಿಸುವ ಪ್ಯಾಡಕ್ಕಿನಲ್ಲಿ, ಇಂಟರ್‌ಕೂಲರ್ ಮೇಲೆ ಮಂಜಿನಂತೆ ಸಿಂಪಡಿಸಿ ಆರಲು ಬಿಡಿ. ಮತ್ತೆ ಸಿಂಪಡಿಸಿ. ಪಕ್ಕದಲ್ಲಿ ಬ್ಯಾಟರಿ ಫ್ಯಾನ್ ಒಂದಿದ್ದರೆ ಕೆಲಸ ಬೇಗ ಆಗುತ್ತದೆ. ನೀರು ಸುರಿದು ಹರಿಯಬಾರದು. ಹರಿದುಹೋದ ನೀರು ಆವಿಯಾಗಲಿಲ್ಲ ಎಂದೇ ಅರ್ಥ. ಬಾನೆಟ್ ಮೇಲೆ ಗಾಳಿಯ ಮೂಗಿರುವ ಹಳೆಯ ಸ್ಕಾರ್ಪಿಯೊ ಎಂಹಾಕ್‌ನಲ್ಲಿ ಇಂಟರ್‌ಕೂಲರ್ ಎಂಜಿನ್ ಮೇಲೆಯೇ ಕೂತಿರುತ್ತದೆ, ಹಾಗಾಗಿ ಕೈಗೆ ಸಿಗುವುದು ಸುಲಭ, ಬೇಗ ಕಾಯುವುದೂ ಅದೇ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಎಂಜಿನ್ನಿನಲ್ಲಿ ಇಂಟರ್‌ಕೂಲರ್ ನೀರಿನಿಂದ ತಣಿಯುವಂಥದ್ದು, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಅಡಗಿದೆ. ಅಂಥ ಕಾರಿನಲ್ಲಿ ಆ ನೀರನ್ನು ತಣಿಸಲು ಮುಂದೆ ಇರುವ ಸಣ್ಣ ರೇಡಿಯೇಟರ್ ಮೇಲೆ ಸಿಂಪಡಿಸಬೇಕು.

ಹಂತ 6: ಬರ್ಫ

ಡ್ರ್ಯಾಗ್ ಓಟದ ವಿಶೇಷವೇ ಅದು ಚಿಕ್ಕದಾಗಿರುವುದು. ಹದಿನಾರು ಸೆಕೆಂಡಿನ ಕೆಲಸ. 120 ಅಶ್ವಶಕ್ತಿ ಆಸುಪಾಸಿನ ಎಂಜಿನ್ ಪೂರ್ತಿ ಒತ್ತಿದಾಗ ಸೆಕೆಂಡಿಗೆ 100 ಗ್ರಾಂ ಹತ್ತಿರ ಗಾಳಿ ಎಳೆಯುತ್ತದೆ. ಅಷ್ಟು ಗಾಳಿಯನ್ನು ಮಾಮೂಲಿಗಿಂತ ಇನ್ನೂ 20 ಡಿಗ್ರಿ ಹೆಚ್ಚು ತಣಿಸಲು ಇಡೀ ಓಟಕ್ಕೆ ಬೇಕಾಗುವುದು ಸುಮಾರು 32 ಕಿಲೊಜೂಲ್. ಲೆಕ್ಕದ ಮಟ್ಟಿಗೆ 100 ಗ್ರಾಂ ಬರ್ಫದ ಕೆಲಸ! ಅಂದರೆ ಓಟಕ್ಕೆ ಮುಂಚೆ ಇಂಟರ್‌ಕೂಲರಿನ ಲೋಹವನ್ನೇ ತಣ್ಣಗೆ ಮಾಡಿಟ್ಟರೆ ಆ ತಂಪು ಓಟದ ಬಹುಭಾಗಕ್ಕೆ ಒದಗುತ್ತದೆ.

ಆದರೆ ಬರ್ಫ ಮುಟ್ಟಿದಲ್ಲಿ ಮಾತ್ರ ತಣಿಸುತ್ತದೆ. ಗಡ್ಡೆಯನ್ನು ಹಾಗೇ ಇಟ್ಟರೆ ಮೂರು ಕಡೆ ತಾಗುತ್ತದೆ, ಉಳಿದದ್ದು ನೀರಾಗಿ ಸೋರುತ್ತದೆ. ಕುಟ್ಟಿ ಪುಡಿ ಮಾಡಿ, ತೆಳು ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ, ಸ್ವಲ್ಪ ನೀರು ಬೆರೆಸಿ, ಇಂಟರ್‌ಕೂಲರಿಗೆ ಅಂಟುವಂತೆ ಒತ್ತಿ ಹಿಡಿಯಿರಿ. ಒಂದು ದಿನದ ಓಟಗಳಿಗೆ ಥರ್ಮಾಕೋಲ್ ಡಬ್ಬಿಯಲ್ಲಿ ಐದಾರು ಕೆಜಿ ಧಾರಾಳ.

ಟರ್ಬೊ, ಎಕ್ಸಾಸ್ಟ್ ಪೈಪು, ಎಂಜಿನ್ ಬ್ಲಾಕು, ಇವುಗಳಿಗೆ ಬರ್ಫವಾಗಲಿ ತಣ್ಣೀರಾಗಲಿ ತಾಗಬಾರದು. ಕಾದ ಬೀಡು ಕಬ್ಬಿಣ ಒಮ್ಮೆಲೆ ತಣಿದರೆ ಬಿರಿಯುತ್ತದೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಬರ್ಫ ಇಡುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ: ಕರಗಿದ ನೀರು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ನೇ ಹೋಗುತ್ತದೆ. ಡ್ರೈ ಐಸ್ ಕೂಡ ಬೇಡ, ಮುಚ್ಚಿದ ಕಾರಿನಲ್ಲಿ ಅದರ ಅನಿಲ ಉಸಿರುಗಟ್ಟಿಸುತ್ತದೆ.

ಅಮೆರಿಕದ ಡಾಡ್ಜ್ ಕಂಪನಿ 2018ರ ಚಾಲೆಂಜರ್ ಎಸ್‌ಆರ್‌ಟಿ ಡೀಮನ್ ಕಾರಿನಲ್ಲಿ ಬರ್ಫದ ಗೊಡವೆಯೇ ಇಲ್ಲದಂತೆ ಮಾಡಿತು. ಡ್ರ್ಯಾಗ್ ಮೋಡಿನಲ್ಲಿ ಏಸಿಯ ತಂಪು ಕ್ಯಾಬಿನ್ನಿಗೆ ಹೋಗುವ ಬದಲು ಎಂಜಿನ್ನಿನ ಗಾಳಿಯನ್ನು ತಣಿಸಲು ತಿರುಗುತ್ತದೆ.

ಹಂತ 7: ಸಾಲಿನಲ್ಲಿ

ಇಷ್ಟೆಲ್ಲ ಮಾಡಿದ ತಂಪನ್ನು ಹಾಳುಮಾಡುವುದು ಸಾಲು. ಮುಂದೆ ಹತ್ತು ಕಾರು, ಎಲ್ಲರೂ ಎಂಜಿನ್ ಚಾಲೂ ಇಟ್ಟು ಇಂಚಿಂಚು ಸರಿಯುತ್ತಿರುತ್ತಾರೆ. ನೀವು ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ ಇಡಿ. ಅಧಿಕಾರಿಗಳು ಬಿಟ್ಟರೆ ಗೆಳೆಯರಿಂದ ಕಾರನ್ನು ತಳ್ಳಿಸಿಕೊಳ್ಳಿ. ಆಗಷ್ಟೇ ಓಡಿ ಬಂದಿದ್ದರೆ ಮಾತ್ರ ಒಂದು ನಿಮಿಷ ನಿಧಾನಕ್ಕೆ ಚಾಲೂ ಇಟ್ಟು, ಟರ್ಬೊ ಬೇರಿಂಗ್ ತಣಿದ ಮೇಲೆ ಬಂದ್ ಮಾಡಿ. ಏಸಿ ಹಾಕಬೇಡಿ, ಕಂಡೆನ್ಸರ್ ಬಿಟ್ಟ ಬಿಸಿ ನೇರ ಇಂಟರ್‌ಕೂಲರಿಗೇ ಹೋಗುತ್ತದೆ.

ತಂಪಾಗಿರಬೇಕಾದದ್ದು ಗಾಳಿ, ಎಂಜಿನ್ ಆಯಿಲ್ ಅಲ್ಲ. ಕೂಲಂಟು ತನ್ನ ಮಾಮೂಲಿ ಬಿಸಿಗೆ ಬರದೆ, ಆಯಿಲ್ ಕಾಯದೆ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಬೇರಿಂಗ್ ಸವೆಯುತ್ತದೆ.

ಆರಂಭದ ಗೆರೆಗೆ ಹೋಗುವ ಮುಂಚೆ ಬರ್ಫದ ಚೀಲ ತೆಗೆದು, ಬಂಪರ್ ಕೆಳಗೆ, ಚಕ್ರದ ಸುತ್ತ ಒಣ ಬಟ್ಟೆಯಿಂದ ಒರೆಸಿ. ನಿಮ್ಮ ಕಾರಿನಿಂದ ಬಿದ್ದ ನಾಲ್ಕು ಹನಿ ನೀರಿನ ಮೇಲೆ ಹಿಂದಿನವನ ಟೈರು ಜಾರಿದರೆ ಅವನ ಜೀವಕ್ಕೇ ಬರುತ್ತದೆ. ಇದನ್ನು ನಿಮ್ಮ ತಂಡದ ಒಬ್ಬನಿಗೆ ಹೊಣೆ ಹಚ್ಚಿ, ಪ್ರತಿ ಓಟಕ್ಕೂ ಅವನೇ ನೋಡಲಿ.

ಹಂತ 8: ಚೀಟಿ ಓದಿ

ಓಟ ಮುಗಿದ ಮೇಲೆ ಸಿಗುವ ಟೈಮಿನ ಚೀಟಿಯಲ್ಲಿ ಎರಡು ಅಂಕಿ ಮುಖ್ಯ: ಒಟ್ಟು ಸೆಕೆಂಡು, ಕೊನೆಯ ಗೆರೆ ದಾಟುವಾಗಿನ ವೇಗ. ಹೊಸಬರ ಕ್ಲಚ್ಚು, ಟೈರಿನ ಹಿಡಿತ ಎಲ್ಲವೂ ಸೆಕೆಂಡನ್ನು ಅಲುಗಾಡಿಸುತ್ತವೆ. ಎಂಜಿನ್ನಿನ ಪವರ್ ಹೆಚ್ಚಿತೋ ಇಲ್ಲವೋ ಎನ್ನುವುದನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುವುದು ಕೊನೆಯ ವೇಗ. ಪವರ್ ಶೇ 6 ಏರಿದರೆ ಆ ವೇಗ ಶೇ 2 ಏರುತ್ತದೆ, 16 ಸೆಕೆಂಡಿನ ಕಾರು ಸುಮಾರು 15.7ಕ್ಕೆ ಬರುತ್ತದೆ. ಗಂಟೆಗೆ 140 ಕಿ.ಮೀ. ವೇಗದಲ್ಲಿ 0.3 ಸೆಕೆಂಡ್ ಅಂದರೆ 11 ಮೀಟರಿಗೂ ಹೆಚ್ಚು. ಹೆಚ್ಚುಕಡಿಮೆ ಮೂರು ಸ್ವಿಫ್ಟ್ ಕಾರುಗಳ ಉದ್ದ.

ಪ್ರತಿ ಓಟದ ಪಕ್ಕದಲ್ಲಿ ಹೊರಗಿನ ಬಿಸಿ, ಹೊರಡುವಾಗಿನ ಐಎಟಿ, ಮುಗಿದಾಗಿನ ಐಎಟಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬೆಳಿಗ್ಗೆ ಏಳರ ಓಟವನ್ನು ಮಧ್ಯಾಹ್ನ ಎರಡರ ಓಟದ ಜೊತೆ ಹೋಲಿಸಿ ‘ಬದಲಾವಣೆ ಕೆಲಸ ಮಾಡಿತು’ ಎನ್ನಬೇಡಿ, ಆ ಲಾಭ ಬೆಳಗಿನ ತಂಪು ಹೊತ್ತು ಕೊಟ್ಟದ್ದು.

ಆನ್‌ಲೈನಿನಲ್ಲಿ ಐದುನೂರು ರೂಪಾಯಿಗೆ ಸಿಗುವ ಎರಡು ವಸ್ತುಗಳಿಂದ ದೂರ ಇರಿ. ಒಂದು, ಪೈಪಿನೊಳಗೆ ಕೂಡಿಸುವ ಪುಟ್ಟ ಫ್ಯಾನು. ಎಂಜಿನ್ ಎಳೆಯುವಷ್ಟು ಗಾಳಿ ಅದರ ಕೈಲಾಗದು, ದಾರಿಗೆ ಅಡ್ಡ ನಿಲ್ಲುತ್ತದೆ. ಇನ್ನೊಂದು, ಐಎಟಿ ಸೆನ್ಸರಿಗೆ ಜೋಡಿಸುವ ರೆಸಿಸ್ಟರ್. ಗಾಳಿ ತಂಪಾಗಿದೆ ಎಂದು ಅದು ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ನಂಬಿ ಕಿಡಿಯನ್ನು ಮುಂಚಿತ ಮಾಡುತ್ತದೆ, 70 ಡಿಗ್ರಿಯ ಗಾಳಿಯಲ್ಲಿ ಪಿಸ್ಟನ್ ಕುಟ್ಟಿಸಿಕೊಂಡು ತೂತು ಬೀಳುತ್ತದೆ.

ಹಂತ 9: ಊರಿಗೆ ಹೊರಡುವ ಮುಂಚೆ

ಸಿಂಪಡಿಸುವ ಪಂಪು, ಚೀಲ, ಓಟಕ್ಕೆಂದು ತಾತ್ಕಾಲಿಕವಾಗಿ ಕಟ್ಟಿದ್ದು ಏನೇ ಇದ್ದರೂ ಬಿಚ್ಚಿ ಡಿಕ್ಕಿಗೆ ಹಾಕಿ. ಆರ್‌ಸಿಯಲ್ಲಿ ನಮೂದಾದ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಮೂರನೆಯ ಹಂತದ ರಿಪೇರಿಗಳು ಕಾರನ್ನು ಕಂಪನಿ ಕೊಟ್ಟ ಸ್ಥಿತಿಗೇ ತರುವಂಥವು, ಅವು ಇರಲಿ. ಕೂಲಂಟು, ಆಯಿಲ್ ಮಟ್ಟ, ಟೈರಿನ ಗಾಳಿ ನೋಡಿ. ಏರ್ ಫಿಲ್ಟರ್ ಡಬ್ಬಿ ತೆರೆದು ಒಳಗೆ ಬೆರಳಾಡಿಸಿ. ಫಿಲ್ಟರಿನ ಆಚೆ ಬದಿ, ಎಂಜಿನ್ ಕಡೆಗೆ, ಬೆರಳಿಗೆ ಕರಿ ಧೂಳು ಹತ್ತಿದರೆ ಮುಚ್ಚಳ ಸರಿಯಾಗಿ ಕೂತಿಲ್ಲ. ಅದನ್ನು ಸರಿ ಮಾಡದೆ ಗಾಡಿ ಚಾಲೂ ಮಾಡಬೇಡಿ.